ಸಹಿ ಕೇಳುವಾಗಿನ ಮಾತು, ಮಾರುವಾಗಿನ ಮಾತು

ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ರಣಜಿ ಪಂದ್ಯವಿದ್ದ ದಿನ, ಆಟಗಾರರ ಬಸ್ಸು ನಿಲ್ಲುವ ಕಡೆ ಎರಡು ಥರದ ಮಂದಿ ನಿಂತಿರುತ್ತಾರೆ. ಒಬ್ಬ ಹುಡುಗನ ಕೈಯಲ್ಲಿ ಶಾಲೆಯ ವಹಿ ಇರುತ್ತದೆ, ಸಹಿಗಾಗಿ ಅದರ ಕೊನೆಯ ಹಾಳೆ ತೆರೆದು ಹಿಡಿದಿರುತ್ತಾನೆ. ಇನ್ನೊಬ್ಬನ ಕೈಯಲ್ಲಿ ಒಂದೇ ಫೋಟೋದ ಆರು ಪ್ರತಿಗಳು ಮತ್ತು ಹೊಸ ಮಾರ್ಕರ್ ಪೆನ್ನು. "ಬರೇ ಸಹಿ ಹಾಕ್ರಿ ಸರ, ಹೆಸರು ಬ್ಯಾಡ" ಅನ್ನುತ್ತಾನೆ. ಆಟಗಾರ ಇಬ್ಬರಿಗೂ ಹಾಕಿಕೊಡುತ್ತಾನೆ. ಮೊದಲನೆಯದು ಮನೆಗೆ ಹೋಗುತ್ತದೆ, ಎರಡನೆಯದು ರಾತ್ರಿಯೊಳಗೆ ಆನ್‌ಲೈನ್ ಮಾರಾಟಕ್ಕೆ ಏರುತ್ತದೆ.

ಇದರಲ್ಲಿ ತಪ್ಪು ಎಲ್ಲಿದೆ ಎಂದು ಕೇಳಿದರೆ ಬಹಳ ಜನ "ಮಾರಿದ್ದೇ ತಪ್ಪು" ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಸಹಿಗೂ ದುಡ್ಡಿಗೂ ಹಳೇ ನಂಟಿದೆ. ಗಾಂಧೀಜಿ ತಮ್ಮ ಸಹಿಗೆ 5 ರೂಪಾಯಿ ತೆಗೆದುಕೊಂಡು ಹರಿಜನ ನಿಧಿಗೆ ಹಾಕುತ್ತಿದ್ದರು. ದುಡ್ಡು ಯಾಕೆ, ಎಲ್ಲಿಗೆ ಹೋಗುತ್ತದೆ ಎನ್ನುವುದು ಕೊಡುವವನಿಗೂ ತೆಗೆದುಕೊಳ್ಳುವವರಿಗೂ ಗೊತ್ತಿತ್ತು. ಆರು ಫೋಟೋ ಹಿಡಿದವನ ತಪ್ಪು ಅವನು ಹೇಳಿದ ಸುಳ್ಳಿನಲ್ಲಿದೆ. "ನಮ್ಮ ತಂಗಿ ನಿಮ್ಮ ದೊಡ್ಡ ಅಭಿಮಾನಿ ಸರ" ಎಂದು ಪುಕ್ಕಟೆ ಪಡೆದು ಮಾರಿದರೆ, ಆ ಸಹಿ ಮೋಸದಿಂದ ಬಂದದ್ದು. "ಸರ, ನಾನು ಸಂಗ್ರಹ ಮಾಡ್ತೀನ್ರಿ, ಕೆಲವು ಮಾರ್ತೀನ್ರಿ" ಎಂದು ಬಾಯಿಬಿಟ್ಟು ಹೇಳಿದ ಮೇಲೂ ಅವರು ಹಾಕಿಕೊಟ್ಟರೆ, ಆಮೇಲಿನ ವ್ಯಾಪಾರದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬಹುತೇಕರು ಹಾಕುವುದಿಲ್ಲ. ಹಾಕದಿರುವುದು ಅವರ ಹಕ್ಕು.

ಈ ಸುಳ್ಳಿನ ಬೆಲೆ ಕೊಡುವವನು ವಹಿ ಹಿಡಿದ ಹುಡುಗ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಕೇಳಿದವರಿಗೆಲ್ಲ ಸಹಿ ಕಳಿಸುತ್ತಿದ್ದರು. ಅವು ದೊಡ್ಡ ಬೆಲೆಗೆ ಮಾರಾಟವಾಗುತ್ತಿವೆ, ಖೊಟ್ಟಿ ಸಹಿಗಳೂ ಓಡಾಡುತ್ತಿವೆ ಎಂದು ತಿಳಿದ ಮೇಲೆ 1990ರ ದಶಕದಲ್ಲಿ ಪೂರ್ತಿ ನಿಲ್ಲಿಸಿಬಿಟ್ಟರು. ನಮ್ಮ ಕಡೆಯೂ ಇದೇ ನಡೆಯುತ್ತಿದೆ, ಸಣ್ಣ ಪ್ರಮಾಣದಲ್ಲಿ ಅಷ್ಟೆ. ಒಬ್ಬ ಗಾಯಕರಿಗೆ ಒಮ್ಮೆ ಹೀಗೆ ಅನುಭವವಾದರೆ ಮುಂದಿನ ಕಚೇರಿಯಲ್ಲಿ ಹಿಂಬಾಗಿಲಿಂದ ಹೊರಟುಬಿಡುತ್ತಾರೆ. ಮುಂಬಾಗಿಲಲ್ಲಿ ನಿಂತ ಹತ್ತು ಮಂದಿ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.

ಹಾಗಾಗಿ ಕೇಳುವ ಕ್ರಮ ಮುಖ್ಯ. ಒಬ್ಬರಿಗೆ ಒಂದೇ ವಸ್ತು, ಹೆಚ್ಚೆಂದರೆ ಎರಡು. ಎರಡನೆಯದು ಯಾರಿಗೆಂದು ಕೇಳುವ ಮೊದಲೇ ಹೇಳಬೇಕು. ಹೆಸರು ಬರೆಸಿಕೊಳ್ಳಬೇಕು. "ಇಂಥವರಿಗೆ, ಪ್ರೀತಿಯಿಂದ" ಎಂದು ಬರೆದ ಸಹಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ, ಅದಕ್ಕೇ ಮಾರುವವರು ಹೆಸರು ಬೇಡ ಅನ್ನುವುದು. ಎಷ್ಟೋ ಸೆಲೆಬ್ರಿಟಿಗಳು ಬೇಕೆಂದೇ ಹೆಸರು ಕೇಳಿ ಬರೆಯುತ್ತಾರೆ. ಹೆಸರು ಬೇಡ ಅಂದವನ ಮುಖವನ್ನು ಒಮ್ಮೆ ನೋಡಿ ಪೆನ್ನು ಮುಚ್ಚುವವರೂ ಇದ್ದಾರೆ, ಅದು ಸರಿಯೇ. ಹಿಂದುಸ್ತಾನಿ ಕಚೇರಿಗೆ ಮುಂಚೆ ತಂಬೂರಿ ಶ್ರುತಿ ಮಾಡುವ ಹೊತ್ತಿನಲ್ಲಿ ಗ್ರೀನ್ ರೂಮಿಗೆ ನುಗ್ಗಬಾರದು. ಆ ಅರ್ಧ ಗಂಟೆ ಅವರಿಗೆ ಸೇರಿದ್ದು. ಊಟದ ಎಲೆಯ ಮುಂದೆ, ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ ಕೇಳಲೇಬಾರದು. ಹಾವೇರಿ ಕಡೆ ಸನ್ಮಾನದ ನಂತರ ಕೊರಳಲ್ಲಿ ಯಾಲಕ್ಕಿ ಮಾಲೆ, ಹೆಗಲ ಮೇಲೆ ಶಾಲು, ಎರಡೂ ಕೈಯಲ್ಲಿ ಹಣ್ಣಿನ ಬುಟ್ಟಿ ಇರುವಾಗಲೇ ಪುಸ್ತಕ ಒಡ್ಡುತ್ತಾರೆ. ಬುಟ್ಟಿ ಇಳಿಸುವ ತನಕ ಕಾದರೆ ಸಹಿಯೂ ಚೆಂದ ಬರುತ್ತದೆ. ಇನ್ನೊಂದು ಮಾತು: ಮಕ್ಕಳಿಗೆ ಐವತ್ತೋ ನೂರೋ ಕೊಟ್ಟು ಸಹಿ ತರಲು ಕಳಿಸುವ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು. ಮಗುವಿನ ಮುಖ ನೋಡಿ ಯಾರೂ ಇಲ್ಲ ಅನ್ನುವುದಿಲ್ಲ ಎನ್ನುವುದನ್ನೇ ಬಂಡವಾಳ ಮಾಡಿಕೊಂಡದ್ದು ಅದು.

ಆದರೆ ಆಟಗಾರರ, ನಟರ ಸಹಿ ಈ ಊರುಗಳ ಮಟ್ಟಿಗೆ ಸಣ್ಣ ಪಾಲು. ಧಾರವಾಡ, ಹುಬ್ಬಳ್ಳಿ, ಗದಗಿನಲ್ಲಿ ಬೆಲೆಬಾಳುವ ಸಹಿಗಳು ಹೋಟೆಲ್ ಲಾಬಿಯಲ್ಲಿ ಹುಟ್ಟುವುದಿಲ್ಲ, ಮನೆಗಳ ಟ್ರಂಕಿನೊಳಗೆ ಇವೆ. ಬೇಂದ್ರೆ ಸಾಧನಕೇರಿಯಲ್ಲಿದ್ದರು. ಮಲ್ಲಿಕಾರ್ಜುನ ಮನ್ಸೂರರು ಧಾರವಾಡದಲ್ಲಿ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ ಬಾಳಿದರು. ಭೀಮಸೇನ ಜೋಶಿ ರೋಣದಲ್ಲಿ ಹುಟ್ಟಿದವರು, ವಿ.ಕೃ. ಗೋಕಾಕರು ಸವಣೂರಿನಲ್ಲಿ. ಇಂಥವರ ಒಡನಾಟವಿದ್ದ ಮಾಸ್ತರರು, ವಕೀಲರು, ವೈದ್ಯರು, ಶಿಷ್ಯರು ನೂರಾರು ಮಂದಿ. ಅವರ ಮನೆಗಳಲ್ಲಿ ಲಗ್ನಪತ್ರಿಕೆಗಳ ನಡುವೆ ಒಂದು ಪೋಸ್ಟ್ ಕಾರ್ಡು, ಪುಸ್ತಕದ ಮೊದಲ ಹಾಳೆಯಲ್ಲಿ ಎರಡು ಸಾಲು ಬರಹ, ಕಚೇರಿಯ ಆಮಂತ್ರಣದ ಹಿಂದೆ ಒಂದು ಸಹಿ ಸಿಗುತ್ತದೆ. ಆ ತಲೆಮಾರು ತೀರಿಕೊಂಡು ಮನೆ ಮಾರುವಾಗ, ಇಲ್ಲವೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವಾಗ, ಕಪಾಟಿನಲ್ಲಿದ್ದದ್ದೆಲ್ಲ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತದೆ. ರದ್ದಿಯವರಿಂದ ಹಳೇ ಪುಸ್ತಕದವರಿಗೆ, ಅವರಿಂದ ಬೆಂಗಳೂರು, ಮುಂಬೈಯ ಖರೀದಿದಾರರಿಗೆ.

ಇಲ್ಲಿ ನೀತಿಯ ಪ್ರಶ್ನೆ ಬೇರೆ ಥರದ್ದು. ಪತ್ರ ಬರೆದವರು ಮಾರಾಟವನ್ನು ಕನಸಿನಲ್ಲೂ ನೆನೆದಿರಲಿಲ್ಲ. ಅದರಲ್ಲಿ ಸಾಲದ ಮಾತಿರಬಹುದು, ಮಗಳ ಬಾಣಂತನದ ಸುದ್ದಿ ಇರಬಹುದು, ಇನ್ನೊಬ್ಬ ಲೇಖಕರ ಬಗ್ಗೆ ಸಿಟ್ಟಿನಲ್ಲಿ ಬರೆದ ಸಾಲು ಇರಬಹುದು. ರದ್ದಿಯಲ್ಲಿ ಇಂಥದ್ದು ಗುರುತಿಸಿದವನು ಮೊದಲು ಮಾಡಬೇಕಾದದ್ದು ಆ ಕಟ್ಟನ್ನು ಒಡೆಯದೆ ಇಡುವುದು. ಪತ್ರದ ಜೊತೆಗೆ ಲಕೋಟೆ ಇದ್ದರೆ ಲಕೋಟೆಯೂ ಬೇಕು, ಪುಸ್ತಕದಲ್ಲಿ ಸಿಕ್ಕಿದ್ದರೆ ಆ ಪುಸ್ತಕವೂ ಬೇಕು. ಎರಡನೆಯ ಕೆಲಸ, ಯಾರಿಗೆ ಬರೆದದ್ದೋ ಆ ಮನೆಯವರನ್ನು ಹುಡುಕುವುದು. ಲಕೋಟೆಯ ಮೇಲೆ ವಿಳಾಸ ಇರುತ್ತದೆ, ನಮ್ಮ ಊರುಗಳಲ್ಲಿ ಎರಡು ಮನೆ ಕೇಳಿದರೆ ಮೂರನೆಯದರಲ್ಲಿ ಗೊತ್ತಾಗುತ್ತದೆ. "ರದ್ದಿಯಲ್ಲಿ ಹೀಗೊಂದು ಸಿಕ್ಕದ್ರಿ, ನಿಮಗ ಬೇಕೇನ್ರಿ?" ಎಂದು ಕೇಳಲು ಒಂದು ಸಂಜೆ ಸಾಕು. ಬೇಕು ಅಂದರೆ ಕೊಟ್ಟ ಬೆಲೆ ಮತ್ತು ಓಡಾಟದ ಖರ್ಚು ತೆಗೆದುಕೊಂಡು ಮರಳಿಸಬೇಕು. ಬೇಡ ಅಂದರೆ ಆಗ ಅದು ಖರೇ ಅರ್ಥದಲ್ಲಿ ನಿಮ್ಮದು. ಕಾನೂನು ಇದನ್ನು ಕೇಳುವುದಿಲ್ಲ, ರದ್ದಿಯನ್ನು ದುಡ್ಡು ಕೊಟ್ಟು ಕೊಂಡವನೇ ಮಾಲೀಕ ಎಂದು ವಾದಿಸಬಹುದು. ಆದರೆ ಮನೆಯವರು ಏನು ಕೊಟ್ಟಿದ್ದೇವೆಂದು ತಿಳಿಯದೆ ಕೊಟ್ಟಿರುತ್ತಾರೆ. ಆ ಅಜ್ಞಾನದ ಮೇಲೆ ಕಟ್ಟಿದ ಲಾಭವನ್ನು ನಾನು ಸಮರ್ಥಿಸಲಾರೆ.

ಇನ್ನು ಕಾನೂನು ಕೇಳುವ ಸಂಗತಿಗಳು. ಮೊದಲನೆಯದು: ಕಾಗದ ನಿಮ್ಮದಾದರೂ ಅದರ ಮೇಲಿನ ಬರಹದ ಹಕ್ಕುಸ್ವಾಮ್ಯ ನಿಮ್ಮದಲ್ಲ. ಪತ್ರ ಬರೆದವರದು, ಅವರ ನಂತರ ವಾರಸುದಾರರದು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಲೇಖಕರ ಮರಣದ ನಂತರ ಮೊದಲ ಸಲ ಪ್ರಕಟವಾಗುವ ಬರಹಕ್ಕೆ ಪ್ರಕಟವಾದ ವರ್ಷದ ಮೇಲೆ ಲೆಕ್ಕ ಹಿಡಿಯುತ್ತಾರೆ. ಟ್ರಂಕಿನಲ್ಲಿ ಸಿಕ್ಕ ಪತ್ರಗಳು ಬಹುತೇಕ ಈ ಎರಡನೆಯ ಜಾತಿಗೆ ಸೇರುತ್ತವೆ. ಹೀಗಾಗಿ ಮಾರಾಟದ ಜಾಹೀರಾತಿನಲ್ಲಿ ಇಡೀ ಪತ್ರದ ಫೋಟೋ ಹಾಕುವುದು ತಪ್ಪು. ಸಹಿ, ತಾರೀಖು, ಕಾಗದದ ಅಂಚು ಕಾಣುವಂತೆ ತೆಗೆದು ಉಳಿದದ್ದನ್ನು ಬಿಳಿ ಹಾಳೆಯಿಂದ ಮುಚ್ಚಿದರೆ ಕೊಳ್ಳುವವನಿಗೆ ಬೇಕಾದಷ್ಟು ತಿಳಿಯುತ್ತದೆ.

ಎರಡನೆಯದು ಬಹಳ ವ್ಯಾಪಾರಿಗಳಿಗೇ ಗೊತ್ತಿಲ್ಲದ್ದು. ಅದೇ ಕಾಯ್ದೆಯ 53ಎ ಕಲಮು ಚಿತ್ರ, ಶಿಲ್ಪದ ಜೊತೆಗೆ ಸಾಹಿತ್ಯ, ನಾಟಕ, ಸಂಗೀತ ಕೃತಿಯ ಮೂಲ ಹಸ್ತಪ್ರತಿಯನ್ನೂ ಹೆಸರಿಸುತ್ತದೆ. ಅದರ ಮರುಮಾರಾಟದ ಬೆಲೆ 10,000 ರೂಪಾಯಿ ದಾಟಿದರೆ ಮೊದಲ ಹಕ್ಕುದಾರರಾದ ಲೇಖಕರಿಗೆ ಅಥವಾ ಅವರ ವಾರಸುದಾರರಿಗೆ ಬೆಲೆಯಲ್ಲಿ ಪಾಲು ಕೇಳುವ ಹಕ್ಕಿದೆ. ಆ ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ಹಕ್ಕುಸ್ವಾಮ್ಯದ ಅವಧಿ ಮುಗಿದರೆ ಈ ಹಕ್ಕೂ ಮುಗಿಯುತ್ತದೆ. ಪುಸ್ತಕದ ಮೇಲಿನ ಬರಿಯ ಸಹಿ ಹಸ್ತಪ್ರತಿ ಆಗಲಿಕ್ಕಿಲ್ಲ. ಕವಿ ತಮ್ಮ ಕೈಯಾರೆ ಬರೆದ ಕವಿತೆಯ ಹಾಳೆ ಖಂಡಿತ ಈ ಮಾತಿಗೆ ಬರುತ್ತದೆ. ಕವಿಯ ಮನೆಯವರು ಬಾಡಿಗೆ ಮನೆಯಲ್ಲಿರುವಾಗ ಅವರಪ್ಪನ ಕೈಬರಹ ಲಕ್ಷದ ಮಾತಿನಲ್ಲಿ ಕೈ ಬದಲಿಸುವುದು ನ್ಯಾಯವಲ್ಲ ಎಂಬ ತಿಳುವಳಿಕೆ ಈ ಕಲಮಿನ ಹಿಂದಿದೆ. ಯಾರೂ ಕೇಳಿ ಬರದಿದ್ದರೂ ಮಾರಿದವನು ತಾನಾಗಿ ಹತ್ತರಲ್ಲೊಂದು ಪಾಲು ಕಳಿಸಿಕೊಟ್ಟರೆ ಅದಕ್ಕಿಂತ ಶುದ್ಧ ವ್ಯಾಪಾರ ಇನ್ನೊಂದಿಲ್ಲ.

ಮೂರನೆಯದು ವಯಸ್ಸಿನ ಪ್ರಶ್ನೆ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಬೇರೆ ವಸ್ತುಗಳಿಗೆ 100 ವರ್ಷದ ಮಿತಿ ಇದ್ದರೆ, ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವೇ ಸಾಕು. ಅಂದರೆ ಸ್ವಾತಂತ್ರ್ಯ ಚಳವಳಿಯ ಕಾಲದ ಪತ್ರಗಳೆಲ್ಲ ಈಗ ಆ ಗೆರೆ ದಾಟಿವೆ. ಅವನ್ನು ಹೊರದೇಶದ ಗಿರಾಕಿಗೆ ಪೋಸ್ಟಿನಲ್ಲಿ ಕಳಿಸುವುದು ಅಪರಾಧ, ದೇಶದೊಳಗೆ ವ್ಯಾಪಾರವಾಗಿ ಮಾರುವುದಕ್ಕೂ ಲೈಸೆನ್ಸ್ ಬೇಕು. ಮನೆಯಲ್ಲಿ ಅಜ್ಜನಿಗೆ ಬಂದ ಗಾಂಧೀಜಿಯ ಪೋಸ್ಟ್ ಕಾರ್ಡು ಇದ್ದವರು ಮಾರುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತದ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಗಾಂಧೀಜಿ ಮತ್ತು ಅವರ ಗೆಳೆಯ ಕ್ಯಾಲನ್‌ಬಾಕ್‌ಗೆ ಸೇರಿದ ಪತ್ರಗಳ ಸಂಗ್ರಹ 2012ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ಭಾರತ ಸರಕಾರವೇ ದುಡ್ಡು ಕೊಟ್ಟು ಕೊಂಡು ತರಬೇಕಾಯಿತು. ಒಮ್ಮೆ ಹೊರಗೆ ಹೋದದ್ದು ಮರಳಿ ಬರಬೇಕಾದರೆ ಹಾಗೆಯೇ.

ಕತ್ತರಿ ಹಾಕುವುದರ ಬಗ್ಗೆ ಬಿಡಿಸಿ ಹೇಳಬೇಕು. ಪತ್ರದ ಕೆಳಗಿನ ಸಹಿಯನ್ನು ಕತ್ತರಿಸಿ, ಫೋಟೋ ಜೊತೆ ಫ್ರೇಮು ಹಾಕಿ ಮಾರುವ ಚಾಳಿ ಇದೆ. ಎರಡು ಪುಟದ ಪತ್ರಕ್ಕಿಂತ ಗೋಡೆಗೆ ತೂಗುವ ಫ್ರೇಮಿಗೆ ಬೇಗ ಗಿರಾಕಿ ಸಿಗುತ್ತಾನೆ. ಹೀಗೆ ಕತ್ತರಿಸಿದಾಗ ಮೊದಲು ಪತ್ರ ಸಾಯುತ್ತದೆ. ತಾರೀಖು, ಊರು, ಯಾರಿಗೆ ಬರೆದದ್ದು ಎಲ್ಲ ಹೋದ ಮೇಲೆ ಉಳಿದ ಎರಡಿಂಚು ಕಾಗದ ಖರೇನೋ ಖೊಟ್ಟಿಯೋ ಎಂದು ಹೇಳುವ ಸಾಕ್ಷಿಯೂ ಉಳಿಯುವುದಿಲ್ಲ. ಪುಸ್ತಕದ ಅರ್ಪಣೆಯ ಹಾಳೆ ಹರಿಯುವುದೂ ಅಷ್ಟೇ. ಯಾರಿಗೆ ಕೊಟ್ಟದ್ದೋ ಅವರ ಹೆಸರಿಗೆ ಬ್ಲೇಡು ತಾಗಿಸಿ ಕೆರೆದು, ಸಹಿ ಮಾತ್ರ ಉಳಿಸಿದ ಪ್ರತಿಗಳೂ ಬರುತ್ತವೆ. ಹಾಳೆಯನ್ನು ದೀಪಕ್ಕೆ ಹಿಡಿದರೆ ಕೆರೆದ ಜಾಗ ತೆಳುವಾಗಿ ಬೆಳಕು ಬಿಡುತ್ತದೆ. ಅಂಥದನ್ನು ಕೊಳ್ಳಲೇಬೇಡಿ. ಕೊಂಡರೆ ಇನ್ನೊಂದು ಕೆರೆಯುತ್ತಾರೆ.

ಖೊಟ್ಟಿ ಸಹಿ ಹಿಡಿಯಲು ದೊಡ್ಡ ಸಲಕರಣೆ ಬೇಡ. ಬಂಗಾರದ ಅಂಗಡಿಯವರು ಬಳಸುವ ಹತ್ತು ಪಟ್ಟಿನ ಸಣ್ಣ ಭೂತಗನ್ನಡಿ (ಲೂಪ್), ನೋಟು ನೋಡುವ ನೇರಳೆ ದೀಪ, ಓರೆಯಾಗಿ ಬೀಳಿಸಲು ಒಂದು ಟಾರ್ಚು ಸಾಕು. ಲೂಪಿನಲ್ಲಿ ಗೆರೆ ಬಣ್ಣಬಣ್ಣದ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಮುದ್ರಣ. ಬಾಲ್‌ಪೆನ್ನಿನ ಸಹಿ ಕಾಗದದಲ್ಲಿ ತಗ್ಗು ಮಾಡಿರುತ್ತದೆ, ಟಾರ್ಚನ್ನು ಓರೆ ಹಿಡಿದರೆ ಕಾಣುತ್ತದೆ, ಹಾಳೆಯ ಹಿಂದೆ ಬೆರಳಿಗೆ ತಾಗುತ್ತದೆ. ಖರೇ ಸಹಿಯಲ್ಲಿ ವೇಗ ಇರುತ್ತದೆ: ಗೆರೆಯ ಶುರುವಾತು, ಕೊನೆ ಎರಡೂ ಚೂಪಾಗಿ ತೇಲಿ ಹೋಗುತ್ತವೆ. ನೋಡಿ ಬರೆದವನ ಗೆರೆ ನಿಧಾನ, ನಡುಗುತ್ತದೆ, ಪೆನ್ನು ಎತ್ತಬಾರದ ಕಡೆ ಎತ್ತಿರುತ್ತಾನೆ. ವಯಸ್ಸಾದವರ ಕೈಯೂ ನಡುಗುತ್ತದೆ ಎನ್ನುವುದು ನಿಜ. ಆದರೆ ಅವರ ನಡುಕ ಸಹಿಯ ಉದ್ದಕ್ಕೂ ಇರುತ್ತದೆ. ನಕಲಿನವನ ನಡುಕ ಕಷ್ಟದ ತಿರುವಿನಲ್ಲಿ ಮಾತ್ರ ಬರುತ್ತದೆ.

ಅದರ ಮೇಲೆ ಕಾಲದ ಪರೀಕ್ಷೆ. ಬಾಲ್‌ಪೆನ್ನು ಅಂಗಡಿಗೆ ಬಂದದ್ದು 1940ರ ದಶಕದ ನಡುವೆ. 1935ರ ತಾರೀಖಿನ ಬಾಲ್‌ಪೆನ್ ಸಹಿ ನೋಡಿದರೆ ಅಲ್ಲೇ ಕೆಳಗಿಡಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬೆರೆಸುವುದು 1950ರ ಸುಮಾರಿಗೆ ಶುರುವಾದದ್ದು, ಅಂಥ ಕಾಗದ ನೇರಳೆ ದೀಪದಲ್ಲಿ ನೀಲಿಯಾಗಿ ಹೊಳೆಯುತ್ತದೆ. 1930ರ ಪತ್ರ ಹೀಗೆ ಹೊಳೆದರೆ ಅದು ಖೊಟ್ಟಿ. ಹೊಳೆಯದಿದ್ದರೆ ಖರೇ ಎಂದು ಮಾತ್ರ ತಿಳಿಯಬೇಡಿ, ಹಳೇ ಪುಸ್ತಕದ ಖಾಲಿ ಹಾಳೆ ಹರಿದು ಅದರ ಮೇಲೆ ಬರೆಯುವವರಿದ್ದಾರೆ. ಅಂಥಲ್ಲಿ ಶಾಯಿಯನ್ನು ನೋಡಬೇಕು: ಹಳೆಯದಾಗಿ ಬಿಗಿ ಕಳಕೊಂಡ ಕಾಗದದ ಮೇಲೆ ಹೊಸ ಶಾಯಿ ಬೇರು ಬಿಟ್ಟಂತೆ ಹರಡುತ್ತದೆ. ಮಡಿಕೆಯ ಗೆರೆಯೊಳಗೆ ಶಾಯಿ ಇಳಿದಿದ್ದರೆ ಮಡಚಿದ ಮೇಲೆ ಬರೆದದ್ದು, ಪತ್ರವನ್ನು ಯಾರೂ ಮಡಚಿ ಆಮೇಲೆ ಬರೆಯುವುದಿಲ್ಲ.

ಲೆಟರ್‌ಹೆಡ್ ಓದಿ. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. 1965ರ ಪತ್ರದ ತಲೆಯಲ್ಲಿ 580001 ಎಂದು ಅಚ್ಚಾಗಿದ್ದರೆ ಮಾತು ಮುಗಿಯಿತು. ಇಂಗ್ಲಿಷಿನಲ್ಲಿ 'ಹುಬ್ಲಿ' ಹೋಗಿ 'ಹುಬ್ಬಳ್ಳಿ' ಅಧಿಕೃತವಾದದ್ದು 2014ರ ನವೆಂಬರಿನಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ. ಆದರೆ ಈ ಕೊನೆಯ ಪರೀಕ್ಷೆಯನ್ನು ನಮ್ಮ ಭಾಗದಲ್ಲಿ ಎಚ್ಚರದಿಂದ ಬಳಸಬೇಕು. ಇಲ್ಲಿಯ ಮಂದಿ ಕರ್ನಾಟಕ ಎಂಬ ಮಾತನ್ನು ರಾಜ್ಯ ಹುಟ್ಟುವ ಎಷ್ಟೋ ಮೊದಲಿನಿಂದ ಬಳಸಿದ್ದಾರೆ, ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ 1890ರಲ್ಲಿ. ಮುಂಬೈ ಪ್ರಾಂತದ ಶಾಲೆಗಳಲ್ಲಿ ಓದಿದವರು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಸಹಿ ಮಾಡಿರಬಹುದು. ಆದ್ದರಿಂದ ಹೋಲಿಸುವಾಗ ಅದೇ ಲಿಪಿಯ, ಆದಷ್ಟು ಅದೇ ಹತ್ತು ವರ್ಷದ ನಾಲ್ಕೈದು ಮಾದರಿಗಳ ಜೊತೆ ಹೋಲಿಸಬೇಕು. ಒಂದೇ ಮಾದರಿಗೆ ಗೆರೆಗೆ ಗೆರೆ ಕೂಡುವ ಸಹಿ ಇನ್ನೂ ಹೆಚ್ಚು ಅನುಮಾನದ್ದು. ಮನುಷ್ಯ ಒಂದೇ ಸಹಿಯನ್ನು ಎರಡು ಸಲ ಮಾಡುವುದಿಲ್ಲ, ಯಂತ್ರ ಮಾಡುತ್ತದೆ. 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಪುಸ್ತಕದ 900 ಪ್ರತಿಗಳನ್ನು ಕೈಯಾರೆ ಸಹಿ ಮಾಡಿದ್ದೆಂದು ತಲಾ 599 ಡಾಲರಿಗೆ ಮಾರಿದಾಗ, ಕೊಂಡವರು ತಮ್ಮತಮ್ಮ ಪ್ರತಿಗಳ ಫೋಟೋ ಒಟ್ಟಿಗಿಟ್ಟು ನೋಡಿಯೇ ಅದು ಯಂತ್ರದ ಸಹಿ ಎಂದು ಹಿಡಿದರು. ಪ್ರಕಾಶಕರು ದುಡ್ಡು ಮರಳಿಸಿದರು, ಡಿಲನ್ ಕ್ಷಮೆ ಕೇಳಿದರು.

ಸರ್ಟಿಫಿಕೇಟ್ ನೋಡಿ ಸಮಾಧಾನಪಡುವುದು ಬೇಡ. ಬಣ್ಣದ ಪ್ರಿಂಟರು, ಹೊಳೆಯುವ ಸ್ಟಿಕರು ಇದ್ದವನು ಸರ್ಟಿಫಿಕೇಟನ್ನೂ ಮಾಡಬಲ್ಲ. ಬೆಲೆ ಇರುವುದು ಕೈ ಬದಲಾದ ಚರಿತ್ರೆಗೆ: ಯಾರ ಮನೆಯಿಂದ, ಯಾವ ವರ್ಷ, ಯಾರ ಮೂಲಕ. ಮಾರುವವನು ಇದನ್ನು ತನ್ನ ಕೈಬರಹದಲ್ಲಿ ಬರೆದು ಸಹಿ ಮಾಡಿ ಕೊಡಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು. "ನನ್ನೆದುರು ಹಾಕಿದ್ದು", "ಮನೆಯವರಿಂದ ಪಡೆದದ್ದು", "ರದ್ದಿಯಲ್ಲಿ ಸಿಕ್ಕಿದ್ದು" ಈ ಮೂರೂ ಬೇರೆ ಬೇರೆ ಮಾತು, ಮೂರಕ್ಕೂ ಬೇರೆ ಬೆಲೆ. ಮೊದಲನೆಯದಕ್ಕೆ ಸಹಿ ಹಾಕುವಾಗ ತೆಗೆದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಖೊಟ್ಟಿ ಎಂದು ಸಾಬೀತಾದರೆ ಎಷ್ಟು ವರ್ಷದ ಮೇಲಾದರೂ ಪೂರ್ತಿ ದುಡ್ಡು ವಾಪಸು ಎಂದು ರಸೀದಿಯಲ್ಲೇ ಬರೆದುಕೊಡಿ. ಬರೆಯಲು ಹಿಂಜರಿಯುವವನ ಹತ್ತಿರ ಕೊಳ್ಳಬೇಡಿ. ಗೊತ್ತಿದ್ದೂ ಖೊಟ್ಟಿ ಮಾರುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ, ಪೊಲೀಸ್ ಠಾಣೆಯಲ್ಲಿ ತಕ್ರಾರು ಕೊಡಬಹುದಾದ ಸಂಗತಿ.

ಕಾಪಾಡುವ ಬಗ್ಗೆ ನಾಲ್ಕು ಮಾತು. ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮುಂದೆ ಯಾರೂ ಬಿಡಿಸಲಾರರು. ಸೆಲೋಟೇಪು ಹತ್ತು ವರ್ಷದಲ್ಲಿ ಕಂದು ಕಲೆ ಬಿಡುತ್ತದೆ. ವಾಸನೆ ಹೊಡೆಯುವ ಮೆತ್ತನೆಯ ಪಿವಿಸಿ ಫೈಲು ಶಾಯಿಯನ್ನು ಎಳೆದುಕೊಳ್ಳುತ್ತದೆ, ಅದರ ಬದಲು ಪಾಲಿಯೆಸ್ಟರ್ ಹಾಳೆ ಬಳಸಿ. ಸ್ಕೆಚ್ ಪೆನ್ನು, ಮಾರ್ಕರಿನ ಸಹಿ ಬಿಸಿಲಿಗೆ ಮೊದಲು ಬಲಿ, ಕಿಟಕಿಯ ಎದುರಿನ ಗೋಡೆಗೆ ತೂಗಿದರೆ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಗೋಡೆಗೆ ಬಣ್ಣದ ನಕಲು ತೂಗಿ, ಮೂಲವನ್ನು ಪೆಟ್ಟಿಗೆಯಲ್ಲಿಡಿ. ಸಹಿ ಇರುವ ಬ್ಯಾಟಿಗೆ ಮತ್ತೆ ಎಣ್ಣೆ ಹಚ್ಚಬಾರದು, ಶಾಯಿ ಹರಡುತ್ತದೆ. ಧಾರವಾಡದ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟು ಬೂಸು ಹಿಡಿಯುತ್ತದೆ, ಒಳಗೋಡೆಯ ಕಪಾಟಿನಲ್ಲಿ ನೆಲದಿಂದ ಒಂದಡಿ ಮೇಲೆ ಇಡಬೇಕು. ಹುಳಕ್ಕೆಂದು ಹಾಕುವ ನುಸಿಗುಳಿಗೆ ಕಾಗದಕ್ಕೆ ತಾಗಬಾರದು. ಟಿಪ್ಪಣಿ ಬರೆಯುವುದಿದ್ದರೆ ಹಾಳೆಯ ಹಿಂಬದಿ, ಮೂಲೆಯಲ್ಲಿ, 2ಬಿ ಪೆನ್ಸಿಲಿನಿಂದ, ಒತ್ತದೆ.

ಮಾರಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ ಅನ್ನುವವರಿಗೆ ಧಾರವಾಡದಷ್ಟು ಅನುಕೂಲದ ಊರು ಕಡಿಮೆ. 1939ರಿಂದ ಇರುವ ಕನ್ನಡ ಸಂಶೋಧನ ಸಂಸ್ಥೆ ಇದೆ, ಸಾಧನಕೇರಿಯಲ್ಲಿ ಬೇಂದ್ರೆ ಭವನ ಇದೆ, ವಿದ್ಯಾವರ್ಧಕ ಸಂಘ ಇದೆ. ಬರಿಗೈಯಲ್ಲಿ ಚೀಲ ಒಯ್ದು ಮೇಜಿನ ಮೇಲೆ ಸುರಿದು ಬರಬೇಡಿ. ಪ್ರತಿ ಹಾಳೆಗೂ ನಂಬರು ಹಾಕಿದ ಪಟ್ಟಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕರಿಸಿದವರ ಸಹಿ, ಮೊಹರು, ತಾರೀಖು ಪಡೆಯಿರಿ. ಕೊಡುವ ಮೊದಲು ಎರಡೂ ಬದಿಯ ಫೋಟೋ ತೆಗೆದಿಡಿ. ಮನೆಯ ಗುಟ್ಟಿನ ಪತ್ರಗಳಿದ್ದರೆ ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಎಂಬ ಷರತ್ತನ್ನು ಅದೇ ಪಟ್ಟಿಯ ಕೆಳಗೆ ಬರೆಸಿ.

ಮನೆಯಲ್ಲೇ ಇಟ್ಟುಕೊಳ್ಳುವವರು ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಹಾಳೆ ಅಂಟಿಸಿಡಬೇಕು. ಯಾವುದು ಯಾರು ಕೊಟ್ಟದ್ದು, ಯಾವುದನ್ನು ಮಾರಬಹುದು, ಯಾವುದನ್ನು ಮಾರುವುದಿಲ್ಲವೆಂದು ಮಾತು ಕೊಟ್ಟಿದೆ, ಯಾವುದು ಯಾರ ಮನೆಗೆ ಮರಳಬೇಕು. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಇಂಗ್ಲಿಷಿನಲ್ಲೂ ಬರೆದಿಡಿ. ರದ್ದಿಯವನನ್ನು ಕರೆಯುವವರು ಅವರೇ.